ಕೆರೆಯ ತಳ ಕಂಡವರು

ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಮುಂದೆ ಆದದ್ದಕ್ಕೆಲ್ಲ ಇದೇ ಮೂಲ. ನಮ್ಮೂರ ಕೆರೆ ಬಳಕೆದಾರರ ಸಂಘದಲ್ಲಿ ಅಧ್ಯಕ್ಷರಿಂದ ಖಜಾಂಚಿವರೆಗೆ ಎಲ್ಲರೂ ಲಿಂಗ ಕಟ್ಟಿದವರು, ಮೀನು ಮುಟ್ಟದವರು. ಕೆರೆಯ ಏರಿ ನಮಗೆ ಗೊತ್ತು, ತೂಬು ಗೊತ್ತು, ಕೋಡಿ ಗೊತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದು ಬಾಯಿಪಾಠ. ಆದರೆ ಕೆರೆಯೊಳಗೆ ಇಳಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಇಳಿಯಲು ಕಾರಣವಾದರೂ ಏನಿತ್ತು? ಸೊಂಟದ ಮಟ್ಟದ ಕೆಸರಿಗೆ ಇಳಿಯುವವರು ಮೀನಿಗಾಗಿ ಇಳಿಯುತ್ತಾರೆ.

ನಾನು ಆ ಸಂಘದ ಕಾರ್ಯದರ್ಶಿ. ನನ್ನನ್ನು ಕೂರಿಸಿದ್ದು ತಿಳಿವಳಿಕೆ ನೋಡಿ ಅಲ್ಲ, ಅಕ್ಷರ ನೋಡಿ. ನನ್ನ ತವರು ಶಿಕಾರಿಪುರ, ಕೊಟ್ಟದ್ದು ಸೊರಬ ತಾಲ್ಲೂಕಿನ ಈ ಊರಿಗೆ. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆ ಮುಗಿಯುವಷ್ಟರಲ್ಲಿ ಬರುತ್ತದೆ, ಆದರೂ ನಾನು ‘ಏನ್ ಮಾಡಾಕತ್ತೀರಿ’ ಅಂದರೆ ಇಲ್ಲಿಯವರು ಇವತ್ತಿಗೂ ನಗುತ್ತಾರೆ. ನಗಲಿ ಬಿಡಿ. ಅಪ್ಪ ತಾಲ್ಲೂಕು ಕಚೇರಿ ಎದುರು ಮೇಜು ಹಾಕಿಕೊಂಡು ಪತ್ರ ಬರೆಯುತ್ತಿದ್ದರು. ಕ್ರಯಪತ್ರ, ವಿಭಾಗಪತ್ರ, ಅರ್ಜಿ, ಎಲ್ಲ. ಪತ್ರ ಬರೆದವರು ಕೊನೆಯಲ್ಲಿ ‘ಬಿಕ್ಕಲಂ’ ಎಂದು ಹಾಕಿ ತಮ್ಮ ಸಹಿ ಮಾಡಬೇಕು. “ಅದು ಚಂದಕ್ಕಲ್ಲವ್ವ,” ಅನ್ನುತ್ತಿದ್ದರು ಅಪ್ಪ. “ನಾಳೆ ತಕರಾರು ಬಂತು ಅಂದ್ರ ಮೊದ್ಲು ಕರಿಯೋದು ಬರದಾಂವನ್ನ.” ಸಹಿ ಹಾಕುವವರಿಗೆ ಪೂರ್ತಿ ಓದಿ ಹೇಳದೆ ಅವರು ಒಂದು ಹೆಬ್ಬೆಟ್ಟನ್ನೂ ಒತ್ತಿಸಿದವರಲ್ಲ. ಅಂಥವರ ಮಗಳು ನಾನು. ಅದಕ್ಕೇ ನಾನು ಮಾಡಿದ ತಪ್ಪಿಗೆ ನೆಪ ಹೇಳುವ ಹಾಗಿಲ್ಲ.

ಈಚಿನ ವರ್ಷಗಳಲ್ಲಿ ಮಳೆಯ ನಡತೆ ಕೆಟ್ಟಿದೆ. ಆರಿದ್ರೆಯಲ್ಲಿ ಸಣ್ಣಗೆ ಹಿಡಿದರೆ ಆಶ್ಲೇಷದವರೆಗೂ ಬಿಡದ ಮಳೆ ಈಗ ನಾಲ್ಕು ದಿನ ಹಂಡೆ ಕವುಚಿದ ಹಾಗೆ ಸುರಿದು, ಆಮೇಲೆ ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ಆ ನಾಲ್ಕು ದಿನದ ನೀರು ಕೋಡಿ ಬಿದ್ದು ಹೋಗುತ್ತದೆ, ಬೇಸಿಗೆಗೆ ಕೆರೆ ಬರಿದು. ಇದಕ್ಕೆಂದೇ ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಯೋಜನೆಯೊಂದು ನಮ್ಮೂರಿಗೆ ಬಂತು. ಎಂಜಿನಿಯರು ದೋಣಿಯಲ್ಲಿ ಯಂತ್ರ ಇಟ್ಟುಕೊಂಡು ಕೆರೆಯನ್ನೆಲ್ಲ ಸುತ್ತಿ ಅಳೆದರು, ನಕ್ಷೆ ಮಾಡಿದರು. ಕೆಲಸಗಳ್ಳರಲ್ಲ, ಓದಿಕೊಂಡವರು, ಊರವರ ಹತ್ತಿರ ಮರ್ಯಾದೆಯಿಂದ ಮಾತಾಡುವವರು.

ಯೋಜನೆಗೆ ಒಪ್ಪಿಗೆ ಕೊಡಲು ದೇವಸ್ಥಾನದ ಪೌಳಿಯಲ್ಲಿ ಸಭೆ ಸೇರಿತು. ಎಂಜಿನಿಯರು ಬಿಳಿ ಬಟ್ಟೆಯ ಮೇಲೆ ನಕ್ಷೆ ತೋರಿಸಿದರು. ಕೆರೆಯ ಹೊಟ್ಟೆಯಲ್ಲಿ, ಏರಿಯಾಚೆ ಹರಿಯುವ ಹಳ್ಳದ ಕಡೆಗೆ, ಕೆಂಪು ಬಣ್ಣದ ಒಂದು ಉಬ್ಬು ಇತ್ತು. “ಇಲ್ಲಿ ಹೂಳು ಜಾಸ್ತಿ ಕೂತಿದೆ. ಇದನ್ನು ತೆಗೆದು, ಇಲ್ಲೇ ಇನ್ನೂ ಎರಡಾಳು ಆಳಕ್ಕೆ ಗುಂಡಿ ಮಾಡಿದರೆ ದಿಢೀರ್ ಮಳೆಯ ನೀರು ಬೇಸಿಗೆವರೆಗೂ ನಿಲ್ಲುತ್ತದೆ,” ಎಂದರು. ಪೌಳಿಯಲ್ಲಿ ಕೂತಿದ್ದ ನಾವೆಲ್ಲ ತಲೆದೂಗಿದೆವು.

ಏರಿಯ ಕೆಳಗಿನ ಕೇರಿಯವರು ಪೌಳಿಯೊಳಗೆ ಬಂದಿರಲಿಲ್ಲ. ಬರಬೇಡಿ ಎಂದು ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬನ್ನಿ ಎಂದೂ ಹೇಳುವುದಿಲ್ಲ. ಅವರು ಎದುರಿನ ಅರಳಿಕಟ್ಟೆಯ ಹತ್ತಿರ ನಿಂತಿದ್ದರು. ಅಲ್ಲಿಂದ ಒಬ್ಬ ಅಜ್ಜಿ ಮಾತಾಡಿದರು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ವರ್ಷವಿಡೀ ಕೆರೆಯಂಚಿನಲ್ಲಿ ಏಡಿ, ಮೀನು ಹಿಡಿಯುವವರು.

“ಅಲ್ಲಿ ಅಗೀಬೇಡ್ರಿ. ಅದು ಹೂಳಲ್ಲ.”

ಸಂಘದ ಅಧ್ಯಕ್ಷರು ನನ್ನ ಭಾವ, ನಮ್ಮ ಯಜಮಾನರ ಅಣ್ಣ. ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. “ಆಯ್ತು, ಆಯ್ತು. ಕಾರ್ಯದರ್ಶಿಯೋರು ಬರ್ಕೊಳ್ತಾರೆ,” ಎಂದರು. ನಾನು ಅಜ್ಜಿಯ ಕಡೆ ನೋಡಿ ತಲೆ ಆಡಿಸಿದೆ. ಪೆನ್ನು ಕೈಯಲ್ಲೇ ಇತ್ತು. ಬರೆಯಲಿಲ್ಲ.

ಬರೆದದ್ದು ಇದು: ‘ಹೂಳೆತ್ತುವ ಕಾಮಗಾರಿಗೆ ಸಭೆಯು ಸರ್ವಾನುಮತದಿಂದ ಒಪ್ಪಿತು. ಕೇರಿಯ ಮಹಿಳೆಯರೂ ಹಾಜರಿದ್ದು ಸಹಮತ ಸೂಚಿಸಿದರು.’ ನನ್ನ ಕೈಗೆ ಅಂಟಿಕೊಂಡುಬಿಟ್ಟಿದ್ದ ವಾಕ್ಯ ಅದು. ಯಾವ ಸಭೆಯಾದರೂ ಕೊನೆಗೆ ಅದನ್ನು ಹಾಕುತ್ತಿದ್ದೆ, ಅರ್ಜಿಯ ಕೊನೆಗೆ ‘ತಮ್ಮ ವಿಶ್ವಾಸಿ’ ಎಂದು ಹಾಕುವ ಹಾಗೆ. ಯೋಜನೆಯವರ ನಮೂನೆಯಲ್ಲೂ ‘ಮಹಿಳೆಯರು, ಪರಿಶಿಷ್ಟರು ಭಾಗವಹಿಸಿದ್ದಾರೆಯೇ’ ಎಂಬ ಕಲಂ ಇತ್ತು. ‘ಹೌದು’ ಎಂದು ತುಂಬಿದೆ. ನಡಾವಳಿಯ ನಕಲು ಯೋಜನೆಯವರಿಗೆ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದು ಕೆರೆ ಬೇಟೆ ಮುಗಿದ ಕೂಡಲೇ ಜೆಸಿಬಿ ಬರುವುದೆಂದು ತೀರ್ಮಾನವೂ ಆಯಿತು.

ಸಭೆ ಮುಗಿಯುವ ಹೊತ್ತಿಗೆ ಕೇರಿಯವರು ಹೊರಟುಹೋಗಿದ್ದರಿಂದ ಅವರ ಸಹಿ ಬಾಕಿ ಉಳಿದಿತ್ತು. ನಾನೇ ಪುಸ್ತಕ, ಸ್ಟಾಂಪ್ ಪ್ಯಾಡ್ ಹಿಡಿದು ಕೇರಿಗೆ ಹೋದೆ. ಅಜ್ಜಿ ಅಂಗಳದಲ್ಲಿ ಬಿದಿರು ಸೀಳುತ್ತಾ ಕೂತಿದ್ದರು. ನಾನು ಬಂದದ್ದು ಕಂಡು ಎದ್ದು ಮಣೆ ಹಾಕಿದರು.

“ಅಜ್ಜಿ, ಇಲ್ಲೊಂದು ಹೆಬ್ಬೆಟ್ಟು ಒತ್ತು,” ಎಂದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ನನ್ನನ್ನು ‘ರೀ’ ಅನ್ನುತ್ತಿದ್ದರು, ನಾನು ‘ಒತ್ತು’ ಅನ್ನುತ್ತಿದ್ದೆ. ಆಗ ಅದು ನನ್ನ ಕಿವಿಗೇ ಬೀಳುತ್ತಿರಲಿಲ್ಲ.

“ನಾ ಹೇಳಿದ್ದು ಎಲ್ ಬರ್ದೀರಿ, ಓದ್ರಿ ಅಮ್ಮೋರೆ.”

ಪುಟ ನೋಡಿದೆ. ನನ್ನದೇ ಅಕ್ಷರ, ಮುತ್ತು ಪೋಣಿಸಿದ ಹಾಗಿತ್ತು. ಅದರಲ್ಲಿ ಅವರ ಮಾತು ಇರಲಿಲ್ಲ. ಸುಮ್ಮನೆ ಏನೋ ಓದಿದಂತೆ ಮಾಡಿ ಹೊರಟುಬಿಡಬಹುದಿತ್ತು. ಆದರೆ ಅಪ್ಪನ ಮೇಜು ನೆನಪಾಗಿ ನಾಲಿಗೆ ಹೊರಳಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಓದಿದೆ. ‘ಸಹಮತ ಸೂಚಿಸಿದರು’ ಎಂಬಲ್ಲಿಗೆ ಬಂದಾಗ ಅವರು ಕೈಯ ಕತ್ತಿ ಕೆಳಗಿಟ್ಟರು.

“ಹಂಗಂದ್ರೆ?”

“ಒಪ್ಕೊಂಡ್ರು ಅಂತ.”

“ನಾನು?” ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು.

ಆಮೇಲೆ ಅವರು ಹೇಳಿದ್ದನ್ನು ಕೂತು ಕೇಳಿದೆ. ಅವರು ಚಿಕ್ಕವರಿದ್ದಾಗ ಊರಿನವರು ಕೆರೆಯ ಆ ಜಾಗದಲ್ಲಿ ಇಟ್ಟಿಗೆಗೆಂದು ಮಣ್ಣು ತೆಗೆದರಂತೆ. ಮೇಲಿನ ಜೇಡಿಮಣ್ಣು ಹೋಗಿ ಕೆಳಗಿನ ಗರಸು, ನೀರು ನಿಲ್ಲದ ಜಲ್ಲಿಮಣ್ಣು, ಬಾಯಿಬಿಟ್ಟಿತು. ಗರಸಿನ ಪಟ್ಟಿ ಏರಿಯ ಅಡಿಯಲ್ಲೇ ಹಾದು ಹಳ್ಳಕ್ಕೆ ಹೋಗುತ್ತದೆ. ಆ ವರ್ಷ ಮಳೆ ಚೆನ್ನಾಗಿಯೇ ಆಗಿದ್ದರೂ ಕೆರೆ ಸಂಕ್ರಾಂತಿಗೇ ಬರಿದಾಯಿತು, ನೀರೆಲ್ಲ ಹಳ್ಳದ ಪಾಲು. ಕೆರೆಯ ಜಲದಿಂದ ತುಂಬುತ್ತಿದ್ದ ಕೇರಿಯ ಬಾವಿ ಒಣಗಿತು.

“ನಮ್ಮವ್ವನ ಜೊತೆ ಊರ ಬಾವಿ ಹತ್ರ ಕೊಡ ಇಟ್ಕೊಂಡು ನಿಂತಿದ್ದೆ. ನಾವು ಸೇದಂಗಿಲ್ಲ. ಯಾರಾರು ಬಂದು ಸೇದಿ ಮೇಲಿಂದ ಹುಯ್ದ್ರೆ ಉಂಟು, ಇಲ್ದಿದ್ರೆ ಇಲ್ಲ. ಮಧ್ಯಾಹ್ನದ ಮಟ ನಿಂತಿದ್ದೂ ಉಂಟು. ಮುಂದಿನ ಬ್ಯಾಸಿಗೇಲಿ ನಮ್ ಕೇರಿ ಹೆಂಗಸ್ರೇ ಹುತ್ತದ ಮಣ್ಣು ಹೊತ್ತು ಹಾಕಿ, ಎಮ್ಮೆ ಬಿಟ್ಟು ತುಳ್ಸಿ, ತಾವೂ ತುಳ್ದು, ಆ ಗುಂಡಿ ಮುಚ್ಚಿದ್ರು. ಒಂದು ಗೇಣು ಮೇಲೇ ಇರ್ಲಿ ಅಂತ ಉಬ್ಬು ಮಾಡಿ ಬಿಟ್ರು. ನಿಮ್ ಬಟ್ಟೆ ಮೇಲೆ ಕೆಂಪಗೆ ಕಂಡಿದ್ದು ಅದೇಯ. ಹೂಳಲ್ಲ ಅಮ್ಮೋರೆ, ನಮ್ಮವ್ವ ತುಳ್ದಿದ್ದು.”

ಕೇರಿಗೆ ಈಗ ನಲ್ಲಿ ಇದೆ. ಬೇಸಿಗೆಯಲ್ಲಿ ತಿರುಗಿಸಿದರೆ ಗಾಳಿ ಬರುತ್ತದೆ. ಆಗ ಆ ಬಾವಿಯೇ ಗತಿ. ಯಂತ್ರ ಆ ಉಬ್ಬನ್ನು ತೆಗೆದರೆ ಬಾವಿ ಹೋಗುತ್ತದೆ, ಬಾವಿ ಹೋದರೆ ಮತ್ತೆ ಕೊಡ ಹಿಡಿದು ಇನ್ನೊಬ್ಬರ ಅಂಗಳದಲ್ಲಿ ನಿಲ್ಲಬೇಕು. ಅಜ್ಜಿಗೆ ಬೇಕಾಗಿದ್ದದ್ದು ಇಷ್ಟೇ, ತಾನು ಕಂಡ ಆ ಬೇಸಿಗೆಯನ್ನು ಮೊಮ್ಮಕ್ಕಳು ಕಾಣಬಾರದು.

“ನಿಂಗೆ ಅದು ಇನ್ನೂ ಅಲ್ಲೇ ಇದೆ ಅಂತ ಹೆಂಗೆ ಗೊತ್ತು?” ಎಂದು ಕೇಳಿದೆ.

“ವರ್ಷಾ ತುಳೀತೀನಲ್ರೀ,” ಎಂದರು.

ನೇರ ಭಾವನ ಮನೆಗೆ ಹೋದೆ. ಅವರು ಊಟಕ್ಕೆ ಕೂತಿದ್ದರು. ಎಲ್ಲ ಕೇಳಿ, “ಅಲ್ಲಮ್ಮ, ನಡಾವಳಿ ಮುಗ್ದು ನಕಲು ಹೋಗಿದೆ. ಈಗ ತಿದ್ದಿದ್ರೆ ನಾವು ಸುಳ್ಳು ಬರ್ದಂಗಾಗಲ್ವಾ?” ಎಂದರು.

“ಸುಳ್ಳು ಬರದಾಗೇತಿ ಭಾವ. ನಾನೇ ಬರ್ದೀನಿ. ತಿದ್ದೋದು ಬ್ಯಾಡ ಅಂದ್ರ ಸ್ಥಳ ಮಹಜರು ಮಾಡೋಣ. ಕೆರಿಯೊಳಗೇ ನಿಂತು ಎಲ್ಲಾರೂ ನೋಡಿದ್ದನ್ನ ಬರಿಯೋಣ. ಮಹಜರು ಮುಂದೆ ನಡಾವಳಿ ನಿಲ್ಲಂಗಿಲ್ಲ.” ಸಿಟ್ಟು ಬಂದಾಗ ನನ್ನ ಬಾಯಲ್ಲಿ ತವರಿನ ಮಾತೇ ಬರುವುದು. ಮಹಜರಿನ ವಿಷಯದಲ್ಲಿ ಪತ್ರ ಬರೆಯುವವರ ಮಗಳ ಜೊತೆ ವಾದ ಮಾಡುವುದು ಬೇಡ ಎಂದು ಅವರಿಗೂ ಅನ್ನಿಸಿರಬೇಕು. ಮಜ್ಜಿಗೆ ಕುಡಿದು, “ನಿನ್ನಿಷ್ಟ. ಆದ್ರೆ ಕೆಸ್ರಿಗೆ ನಾ ಇಳಿಯಲ್ಲ,” ಎಂದರು.

ಯಾವಾಗ ಮಾಡುವುದೆಂದು ಯೋಚಿಸಬೇಕಾಗಲಿಲ್ಲ, ಕೆರೆ ಬೇಟೆ ಹತ್ತಿರ ಬಂದಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೇಸಿಗೆಯ ಕೊನೆಗೆ ನೀರು ತೀರ ಇಳಿದಾಗ ಊರವರು ಒಂದು ದಿನ ಗೊತ್ತು ಮಾಡಿ ಒಟ್ಟಿಗೆ ಕೆರೆಗಿಳಿದು ಮೀನು ಹಿಡಿಯುತ್ತಾರೆ. ಹಿಡಿಯುವುದು ಕೂಣಿಯಿಂದ, ಬಿದಿರಿನಲ್ಲಿ ಹೆಣೆದ, ಮೇಲೂ ಕೆಳಗೂ ತೆರೆದ ಬುಟ್ಟಿ ಅದು. ನೀರೊಳಗೆ ಅದನ್ನು ತಳಕ್ಕೆ ಒತ್ತಿ, ಒಳಗೆ ಮೀನು ಸಿಕ್ಕಿತೋ ಎಂದು ಮೇಲಿನ ಬಾಯಿಂದ ಕೈ ಹಾಕಿ ನೋಡಬೇಕು. ಏರಿಯ ಮೇಲೆ ಪೂಜೆಯಾಗಿ ಅಪ್ಪಣೆ ಸಿಗುವವರೆಗೆ ಯಾರೂ ಕಾಲಿಡುವಂತಿಲ್ಲ. ಅಪ್ಪಣೆಯಾದ ಮೇಲೆ ಕೆರೆಯೊಳಗೆ ಯಾರೂ ಯಾರಿಗೂ ‘ಅತ್ತ ನಿಲ್ಲು’ ಅನ್ನುವಂತಿಲ್ಲ. ಏರಿಯ ಮೇಲೆ ಇರುವ ಕಟ್ಟುಪಾಡು ನೀರಿನೊಳಗೆ ಇಲ್ಲ. ನಮ್ಮೂರಲ್ಲಿ ಮೊದಲ ದಿನ ಗಂಡಸರದು. ಅವರು ಕೂಗಿ, ಓಡಿ, ಕೆರೆಯನ್ನು ಕಲಕಿ ರಾಡಿ ಮಾಡಿ ಹೋಗುತ್ತಾರೆ. ಮರುದಿನ ಹೆಂಗಸರದು. ಅವರು ಉಳಿದ ಮೀನಿಗಾಗಿ ನಿಧಾನವಾಗಿ, ಅಡಿ ಅಡಿಯನ್ನೂ ಒತ್ತಿ ನೋಡುತ್ತ ಹೋಗುತ್ತಾರೆ. ಕೆರೆಯ ತಳವನ್ನು ವರ್ಷಕ್ಕೊಂದು ಸಲ ಇಂಚಿಂಚು ಅಳೆಯುವವರು ಊರಲ್ಲಿ ಅವರು ಮಾತ್ರ.

ಆ ಎರಡನೇ ದಿನ ಬೆಳಗ್ಗೆ ಎಂಜಿನಿಯರನ್ನು ಕರೆಸಿದೆ. ಹೇಗೂ ಅಗೆಯುವ ಜಾಗಕ್ಕೆ ಗುರುತಿನ ಬಾವುಟ ನೆಡಲು ಅವರು ಬರಬೇಕಿತ್ತು. ಭಾವ ಛತ್ರಿ ಹಿಡಿದು ಏರಿಯ ಮೇಲೆ ನಿಂತರು. ನಾನು ಸೀರೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಇಳಿದೆ. ಏನು ನಾತ ಅಂತೀರಿ! ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಸೊಂಟದಲ್ಲಿ ಮೀನಿನ ಚೀಲ ಕಟ್ಟಿಕೊಂಡ ಹೆಂಗಸರು ನನ್ನ ಅವಸ್ಥೆ ನೋಡಿ ಮುಖ ತಿರುಗಿಸಿ ನಕ್ಕರು. “ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ರೀ. ಅಮ್ಮೋರಿಗೆ ಮೊಸರೇ ಸೈ, ಮೀನು ಬೇಡ,” ಎಂದಳು ಒಬ್ಬಳು. ನಾನೂ ನಕ್ಕುಬಿಟ್ಟೆ.

ಅಜ್ಜಿ ತಮ್ಮ ಕೂಣಿಯನ್ನು ನನ್ನ ಕೈಗೆ ಕೊಟ್ಟರು. ಅವತ್ತು ಅಂಗಳದಲ್ಲಿ ಸೀಳುತ್ತಿದ್ದ ಬಿದಿರಿನದೇ ಅದು.

“ಇಲ್ಲಿ ಒತ್ರಿ.”

ಒತ್ತಿದೆ. ಬೆಣ್ಣೆಗೆ ಬೆರಳಿಟ್ಟ ಹಾಗೆ ಇಳಿಯಿತು, ಸದ್ದಿಲ್ಲ. ಮೇಲೆತ್ತಲು ಹೋದರೆ ಕೆಸರು ಬಿಡಲೊಲ್ಲದು.

“ಇದು ಹೂಳು. ಇಲ್ಲಿ ಎಷ್ಟು ಬೇಕೋ ತಗೀಲಿ.” ಇಪ್ಪತ್ತು ಹೆಜ್ಜೆ ಹಳ್ಳದ ಕಡೆಗೆ ನಡೆಸಿದರು. “ಈಗ ಒತ್ರಿ.” ಅಲ್ಲಿ ತಳ ಗಟ್ಟಿ, ಒತ್ತಿದರೆ ಮೆತ್ತಗೆ ತಡೆಯಿತು, ತುಳಿದ ಅಂಗಳದ ಹಾಗೆ. “ಇದು ನಮ್ಮವ್ವಂದು.” ಇನ್ನೂ ನಾಲ್ಕು ಹೆಜ್ಜೆ ಅಂಚಿಗೆ ಹೋಗಿ ಒತ್ತಿಸಿದರು. ಕೂಣಿಯ ಕಡ್ಡಿಗಳು ಕರ್ರ್ ಎಂದವು. ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ ಮೈ ಜುಮ್ಮೆಂದಿತು.

“ಇದು ಗರಸು, ಮೇಲೆ ಎರಡು ಬೆರಳು ಜೇಡಿ ಅಷ್ಟೇಯ. ಇಲ್ಲಿ ಕುಚ್ಚು ಮೀನು ಇರಲ್ಲ, ಹುದುಗಕ್ಕೆ ಕೆಸ್ರಿಲ್ಲ. ಅದಕ್ಕೇ ನಾವ್ಯಾರೂ ಇಲ್ಲಿ ಹೊತ್ತು ಕಳಿಯಲ್ಲ.”

ಎಂಜಿನಿಯರು ಕೂಣಿ ಇಸಿದುಕೊಂಡು ಮೂರೂ ಕಡೆ ತಾವೇ ಒತ್ತಿ ನೋಡಿದರು. ಆಮೇಲೆ ಉಬ್ಬಿನ ನೆತ್ತಿಯಲ್ಲಿ, ನೀರು ಬಿಟ್ಟು ಮೇಲೆದ್ದ ಜಾಗದಲ್ಲಿ, ಹಾರೆಯಿಂದ ಸಣ್ಣ ಕುಳಿ ತೋಡಿಸಿದರು. ಒಂದು ಮೊಳದಷ್ಟು ಕೆಂಪು ಹುತ್ತದ ಮಣ್ಣು ಬಂತು. ಆ ಮಣ್ಣು ಕೆರೆಯದಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಅದರ ಕೆಳಗೆ ಗರಸು. ಅಜ್ಜಿ ಒಂದು ಕೊಡ ನೀರು ತಂದು ಕುಳಿಗೆ ಸುರಿದರು. ನಾವು ನೋಡುತ್ತಿದ್ದಂತೆಯೇ ನೀರು ಮಾಯವಾಯಿತು.

“ಇದು ನಮ್ಮ ಡಾಟಾದಲ್ಲಿ ಇಲ್ಲ,” ಎಂದರು ಎಂಜಿನಿಯರು, ತಮಗೇ ಹೇಳಿಕೊಂಡಂತೆ.

“ಕೇಳಿದ್ರೆ ಇರ್ತಿತ್ತು,” ಎಂದರು ಅಜ್ಜಿ. ಆ ಕುಳಿಗೆ ಜೇಡಿ ತುಂಬಿ, ಸೀರೆ ಎತ್ತಿ ಹಿಡಿದು, ಹಿಮ್ಮಡಿಯಿಂದ ತುಳಿತುಳಿದು ಮುಚ್ಚಿದರು. ಬಾವುಟಗಳು ಹೂಳಿನ ಕಡೆಗೆ ಹೋದವು. ಯಂತ್ರ ಬಂದು ಅಲ್ಲೇ ಅಗೆಯಿತು, ಆಳ ಬೇಕಾದಷ್ಟೇ ಆಯಿತು, ಉಬ್ಬು ಹಾಗೇ ಉಳಿಯಿತು. ಮುಂದಿನ ಬೇಸಿಗೆ ಕೇರಿಯ ಬಾವಿ ಬತ್ತಲಿಲ್ಲ. ಇದನ್ನು ಈಗಲೇ ಹೇಳಿಬಿಟ್ಟೆ, ಯಾಕೆಂದರೆ ಬಾವಿಯ ಕತೆ ಇಲ್ಲಿಗೆ ಮುಗಿಯಿತು, ನನ್ನದು ಮುಗಿದಿಲ್ಲ.

ಈಗ ಸುತ್ತಲಿನ ಕೆರೆಗಳಿಗೂ ಆ ಯೋಜನೆ ಬರುತ್ತಿದೆ. ಹೊಸಬಾಳೆ ಕಡೆಯ ನೆಂಟರು, ಅಂಬ್ಲಿಗೊಳ ಜಲಾಶಯದ ಕೆಳಗಿನ ತವರಿನ ಕಡೆಯವರು ಫೋನು ಮಾಡಿ ಏನು ಮಾಡಬೇಕೆಂದು ಕೇಳುತ್ತಾರೆ. ನಾನು ಹೇಳುವುದು ಒಂದೇ: ಸಭೆಯನ್ನು ಪೌಳಿಯಲ್ಲಿ ಮಾಡಬೇಡಿ, ಕೆರೆಯೊಳಗೆ ಮಾಡಿ. ಕೇರಿಯವರಿಗೆ ಒಂದು ಕುರ್ಚಿ ಹಾಕಿ ಕರೆದೆವು ಎಂದರೆ ಆಗಲಿಲ್ಲ. ಅವರು ನಿಂತ ಜಾಗಕ್ಕೆ ನಾವು ಹೋಗಬೇಕು, ನಮ್ಮ ಸೀರೆ ಪಂಚೆ ಕೆಸರಾಗಬೇಕು. ಮಳೆ ಕೆಟ್ಟಿರುವುದು ಎಲ್ಲರಿಗೂ, ಆದರೆ ಮೊದಲು ಒಣಗುವುದು ಕೆಳಗಿನ ಬಾವಿ. ಹಾಗಿದ್ದ ಮೇಲೆ ಮೊದಲ ಮಾತೂ ಅಲ್ಲಿಯದೇ ಆಗಬೇಕು. ತಾಳಗುಂದದ ಹಳೇ ಶಾಸನದ ಕಲ್ಲಿನ ಮೇಲೆ ಕೆರೆ ಕಟ್ಟಿಸಿದ ದೊರೆಯ ಹೆಸರಿದೆ. ಚಿಕ್ಕಂದಿನಲ್ಲಿ ಅಪ್ಪ ತೋರಿಸಿದ್ದರು. ಮಣ್ಣು ತುಳಿದವರು ಯಾರೆಂದು ಅದರಲ್ಲಿಲ್ಲ. ಆ ಕಲ್ಲು ಕೆತ್ತಿದವರಿಗೂ ನನ್ನ ಹಾಗೇ ಮುದ್ದಾದ ಅಕ್ಷರ ಇತ್ತು.

ಕುಳಿ ತೋಡಿದ ಆ ದಿನವೇ ಏರಿಯ ಮೇಲೆ ಕೂತು ಮಹಜರು ಬರೆದೆ. ಅಜ್ಜಿ ಹೇಳಿದರು, ನಾನು ಅವರದೇ ಮಾತಿನಲ್ಲಿ ಬರೆದೆ. ಎಂಜಿನಿಯರು ಸಹಿ ಹಾಕಿದರು. ಭಾವನೂ ಹಾಕಿದರು. ಸ್ಟಾಂಪ್ ಪ್ಯಾಡನ್ನು ಮನೆಯಲ್ಲೇ ಮರೆತು ಬಂದಿದ್ದೆ. ಅಜ್ಜಿ ಕೆಸರಿನ ಹೆಬ್ಬೆಟ್ಟನ್ನೇ ಒತ್ತಿದರು. ಆ ಗುರುತು ಇನ್ನೂ ಇದೆ.

“ಅಜ್ಜಿ, ಸರಿ ಆಯ್ತಾ ನೋಡ್ರಿ,” ಎಂದೆ. ‘ನೋಡ್ರಿ’ ಎಂದದ್ದಕ್ಕೆ ಭಾವ ನನ್ನ ಮುಖ ನೋಡಿದರು. ನೋಡಲಿ.

“ಮೊದ್ಲು ಬರ್ದಿದ್ರಲ್ಲ, ಅದು?” ಎಂದರು ಅಜ್ಜಿ.

ನಡಾವಳಿ ಪುಸ್ತಕ ಚೀಲದಲ್ಲೇ ಇತ್ತು. ಆ ಪುಟ ತೆಗೆದು, ‘ಸಹಮತ ಸೂಚಿಸಿದರು’ ಎಂಬ ಸಾಲನ್ನು ಹೊಡೆದುಹಾಕಲು ಸ್ಕೇಲು ಇಟ್ಟೆ. ಅಜ್ಜಿ ಪುಟದ ಮೇಲೆ ಕೈ ಇಟ್ಟರು.

“ಹೊಡೀಬೇಡ್ರಿ. ಹೊಡುದ್ರೆ ನಾವು ಬಂದಿದ್ದೂ ಹೋಗ್ತದೆ. ಬಂದಿದ್ವಿ, ಹೇಳಿದ್ವಿ, ನೀವು ಬರೀಲಿಲ್ಲ ಅಂತ ಅದ್ರ ಕೆಳಗೆ ಬರೀರಿ.”

ಭಾವ ಕೆಮ್ಮಿದರು. ಎಂಜಿನಿಯರು ನೀರಿನ ಕಡೆ ನೋಡುತ್ತಿದ್ದರು. ನಾನು ಬರೆದೆ. ಬರೆದು, ಅಪ್ಪ ಓದಿ ಹೇಳುತ್ತಿದ್ದ ಹಾಗೆ, ಎಲ್ಲರಿಗೂ ಕೇಳಿಸುವಂತೆ ಓದಿದೆ: “ಅಂದು ಇವರು ಸಹಮತ ಸೂಚಿಸಿರಲಿಲ್ಲ. ಇದೇ ಮಾತನ್ನು ಅಂದೂ ಹೇಳಿದ್ದರು. ನನಗೆ ಕೇಳಿಸಿತ್ತು. ನಾನು ಬರೆಯಲಿಲ್ಲ.”

“ಇನ್ನೊಂದ್ಸಲ ಓದ್ರಿ,” ಎಂದರು ಅಜ್ಜಿ.

ಇನ್ನೊಂದು ಸಲ ಓದಿದೆ. ಆಮೇಲೆ ಅದರ ಕೆಳಗೆ ಬಿಕ್ಕಲಂ ಎಂದು ಬರೆದು ಸಹಿ ಹಾಕಿದೆ.